ಹಿಮದ ಇಳಿಜಾರಿನಲ್ಲಿ ಒಬ್ಬೊಬ್ಬರ ಓಟ

ನಮ್ಮ ಶಾಲೆಯ ಕ್ರೀಡೋತ್ಸವದ ದಿನ ನಡೆದ ಒಂದು ಚಿಕ್ಕ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಹುಡುಗಿಯರ 400 ಮೀಟರ್ ಓಟಕ್ಕೆ ಸುಣ್ಣದ ಗೆರೆಗಳ ಮೇಲೆ ಮಕ್ಕಳನ್ನು ನಿಲ್ಲಿಸುತ್ತಿದ್ದೆವು. ಬೇಲಿಯ ಆಚೆ ನಿಂತಿದ್ದ ಹಿರಿಯರೊಬ್ಬರು, "ಮಾಷ್ಟ್ರೇ, ಇದು ಯಾವ ನ್ಯಾಯ? ನನ್ನ ಪುಳ್ಳಿ ಎಲ್ಲರಿಗಿಂತ ಹಿಂದೆ, ಆ ಕೊನೆಯ ಹುಡುಗಿ ಅಷ್ಟು ಮುಂದೆ!" ಎಂದು ಕೂಗಿದರು. ಹೊರಗಿನ ಗೆರೆಯ ಸುತ್ತು ದೊಡ್ಡದು, ಎಲ್ಲರೂ ಓಡುವ ದೂರ ಒಂದೇ ಆಗಲೆಂದು ಹೊರಗಿನವರನ್ನು ಮುಂದೆ ನಿಲ್ಲಿಸುತ್ತೇವೆ ಎಂದು ವಿವರಿಸಿದ ಮೇಲೆ ಅವರು ನಕ್ಕು ಸುಮ್ಮನಾದರು.

ಆದರೆ ನನ್ನ ಪಕ್ಕದಲ್ಲಿದ್ದ ಎಂಟನೆಯ ತರಗತಿಯ ಹುಡುಗ ಸುಮ್ಮನಾಗಲಿಲ್ಲ. "ಮಾಷ್ಟ್ರೇ, ಟಿ.ವಿ.ಯಲ್ಲಿ ಹಿಮದ ಮೇಲೆ ಜಾರುವ ಪಂದ್ಯ ನೋಡಿದೆ. ಅಲ್ಲಿ ಒಬ್ಬೊಬ್ಬರೇ ಬರುತ್ತಾರೆ. ಜೊತೆಗೆ ಓಡುವವರೇ ಇಲ್ಲದಿದ್ದರೆ ಅದು ಪಂದ್ಯ ಹೇಗಾಗುತ್ತದೆ?" ಎಂದು ಕೇಳಿದ. ಆ ಗದ್ದಲದಲ್ಲಿ ಉತ್ತರ ಹೇಳಲು ಆಗಲಿಲ್ಲ. ಆ ಉತ್ತರವನ್ನೇ ಇಲ್ಲಿ ಬರೆದಿದ್ದೇನೆ.

ಕಾಲಿಗೆ ಉದ್ದನೆಯ ಎರಡು ಕಿರಿದಾದ ಹಲಗೆಗಳನ್ನು ಬಿಗಿದುಕೊಂಡು ಹಿಮದ ಮೇಲೆ ಜಾರುವುದಕ್ಕೆ ಸ್ಕೀಯಿಂಗ್ ಎಂದು ಹೆಸರು. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ನಾರ್ವೆ, ಸ್ವೀಡನ್ ಮೊದಲಾದ ನಾಡುಗಳಲ್ಲಿ ಬೆಳೆದುದು ಹಿಮದ ಬಯಲಿನಲ್ಲಿ ದೂರ ಸಾಗುವ ಬಗೆ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಬೆಳೆದುದು ಕಡಿದಾದ ಇಳಿಜಾರಿನಲ್ಲಿ ಕೆಳಗಿಳಿಯುವ ಬಗೆ. ಇದಕ್ಕೆ ಆಲ್ಪೈನ್ ಸ್ಕೀಯಿಂಗ್ ಎನ್ನುತ್ತಾರೆ. ಈ ಎರಡನೆಯ ಬಗೆಯ ವಿಶ್ವ ಚಾಂಪಿಯನ್‌ಷಿಪ್ಪೇ ನಮ್ಮ ಇಂದಿನ ವಿಷಯ. 1924ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟವು ಇದನ್ನು ನಡೆಸುತ್ತದೆ. ಮೊದಲನೆಯದು 1931ರ ಫೆಬ್ರವರಿಯಲ್ಲಿ ಸ್ವಿಟ್ಜರ್‌ಲೆಂಡಿನ ಮ್ಯೂರೆನ್ ಎಂಬ ಗುಡ್ಡದ ಹಳ್ಳಿಯಲ್ಲಿ ನಡೆಯಿತು. ಈಗ ಎರಡು ವರ್ಷಗಳಿಗೊಮ್ಮೆ, ಬೆಸ ಸಂಖ್ಯೆಯ ವರ್ಷಗಳಲ್ಲಿ ನಡೆಯುತ್ತದೆ. 2025ರಲ್ಲಿ ಆಸ್ಟ್ರಿಯದ ಜಾಲ್‌ಬಾಖ್ ಎಂಬಲ್ಲಿ ನಡೆಯಿತು.

ಈ ಕ್ರೀಡೆಯ ಚರಿತ್ರೆಯಲ್ಲಿ ನಮಗೆ ಸೋಜಿಗವೆನಿಸುವ ಒಂದು ಸಂಗತಿಯುಂಟು. ಮ್ಯೂರೆನ್ನಿನ ಸ್ಪರ್ಧೆಗೆ ಮುಖ್ಯ ಕಾರಣರಾದ ಆರ್ನಲ್ಡ್ ಲನ್ ಎಂಬವರು ಹುಟ್ಟಿದುದು ಮದ್ರಾಸಿನಲ್ಲಿ, 1888ರಲ್ಲಿ. ನಮ್ಮ ಕಾಸರಗೋಡು ಕೂಡ ಆಗ ಅದೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅವರ ತಂದೆ ಮಿಷನರಿಯಾಗಿ ಭಾರತಕ್ಕೆ ಬಂದವರು. ಇಂಗ್ಲೆಂಡಿಗೆ ಮರಳಿದ ಮೇಲೆ ಚಳಿಗಾಲದಲ್ಲಿ ಜನರನ್ನು ಸ್ವಿಟ್ಜರ್‌ಲೆಂಡಿಗೆ ಪ್ರವಾಸ ಕರೆದೊಯ್ಯುವ ಉದ್ಯೋಗ ಆರಂಭಿಸಿದರು. ಮಗನಿಗೆ ಸ್ಕೀಯಿಂಗಿನ ಹುಚ್ಚು ಹಿಡಿದುದು ಹಾಗೆ. 1909ರಲ್ಲಿ ಬಂಡೆ ಹತ್ತುವಾಗ ಬಿದ್ದು ಲನ್‌ರ ಒಂದು ಕಾಲು ಮುರಿಯಿತು. ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿಯೇ ಉಳಿಯಿತು. ಆದರೂ ಅವರು ಸ್ಕೀ ಬಿಡಲಿಲ್ಲ.

ಲನ್ ಮಾಡಿದ ದೊಡ್ಡ ಕೆಲಸವೇನು? ಅದುವರೆಗೆ ಇಳಿಜಾರಿನಲ್ಲಿ ತಿರುವು ತೆಗೆದುಕೊಳ್ಳುವ ಸ್ಪರ್ಧೆಗಳಲ್ಲಿ ಚಂದಕ್ಕೂ ಅಂಕ ಕೊಡುವ ಪದ್ಧತಿಯಿತ್ತು. ತೀರ್ಪುಗಾರರ ಕಣ್ಣಿಗೆ ಯಾರ ಭಂಗಿ ಸೊಗಸೋ ಅವರಿಗೆ ಹೆಚ್ಚು ಅಂಕ. ತಿರುವು ಇರುವುದು ಬೇಗ ದಾಟಿ ಹೋಗುವುದಕ್ಕೆ ಎಂಬುದು ಲನ್‌ರ ವಾದ. 1922ರಲ್ಲಿ ಮ್ಯೂರೆನ್ನಿನ ಇಳಿಜಾರಿನಲ್ಲಿ ಅವರು ಜೋಡಿ ಕೋಲುಗಳನ್ನು ನೆಟ್ಟು ದ್ವಾರಗಳನ್ನು ಮಾಡಿದರು. ಎಲ್ಲ ದ್ವಾರಗಳನ್ನೂ ದಾಟಿ ಯಾರು ಕಡಿಮೆ ಹೊತ್ತಿನಲ್ಲಿ ಕೆಳಗೆ ಮುಟ್ಟುತ್ತಾರೋ ಅವರೇ ಗೆದ್ದವರು. ತೀರ್ಪು ಹೇಳುವುದು ಗಡಿಯಾರ. ಇಂದಿನ ಸ್ಲಾಲಮ್ ಸ್ಪರ್ಧೆ ಹುಟ್ಟಿದುದು ಹೀಗೆ. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಉಂಟು. ಅಲ್ಲಿ ಒಬ್ಬನೇ ಓಡಿದರೂ ಜೊತೆಗೆ ಗಡಿಯಾರ ಓಡುತ್ತಿರುತ್ತದೆ.

1931ರ ಸ್ಪರ್ಧೆಯಲ್ಲಿ ಡೌನ್‌ಹಿಲ್ ಮತ್ತು ಸ್ಲಾಲಮ್ ಎಂಬ ಎರಡು ವಿಭಾಗಗಳಿದ್ದವು. ಮೊದಲ ವರ್ಷದಿಂದಲೇ ಪುರುಷರಿಗೂ ಮಹಿಳೆಯರಿಗೂ ಸ್ಪರ್ಧೆಗಳಿದ್ದುವೆಂಬುದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು. ಮಹಿಳೆಯರ ಎರಡೂ ವಿಭಾಗಗಳನ್ನು ಗೆದ್ದವರು ಎಸ್ಮೆ ಮ್ಯಾಕಿನನ್. ಅವರು ಆಲ್ಪ್ಸ್ ನಾಡಿನವರಲ್ಲ, ಬ್ರಿಟನ್ನಿನವರು.

ಈಗಿನ ಮುಖ್ಯ ವಿಭಾಗಗಳು ನಾಲ್ಕು. ಡೌನ್‌ಹಿಲ್ ಎಲ್ಲಕ್ಕಿಂತ ಉದ್ದದ್ದು, ವೇಗದ್ದು. ಇದನ್ನು ಒಂದೇ ಸಲ ಇಳಿಯುವುದು. ವಿಶ್ವ ಸ್ಪರ್ಧೆಯಲ್ಲಿ ಪುರುಷರ ಹಾದಿ ತುದಿಯಿಂದ ಬುಡದವರೆಗೆ 800ರಿಂದ 1,100 ಮೀಟರುಗಳಷ್ಟು ಕೆಳಗಿಳಿಯುತ್ತದೆ. ನಮ್ಮ ಪೊಸಡಿಗುಂಪೆ ಸಮುದ್ರಮಟ್ಟದಿಂದ ಸುಮಾರು 320 ಮೀಟರ್ ಎತ್ತರ. ಅಂಥ ಮೂರು ಗುಂಪೆಗಳನ್ನು ಒಂದರ ಮೇಲೊಂದು ಇಟ್ಟು ಎರಡು ನಿಮಿಷಗಳೊಳಗೆ ಇಳಿದಂತೆ ಎಂದು ಭಾವಿಸಿಕೊಳ್ಳಿ. ಸ್ಲಾಲಮ್ ಚಿಕ್ಕ ಹಾದಿ, ಆದರೆ ಸುಮಾರು 60 ದ್ವಾರಗಳ ನಡುವೆ ಎಡಬಲ ತಿರುಗುತ್ತ ಸಾಗಬೇಕು. ಇವೆರಡರ ನಡುವಿನವು 1950ರಲ್ಲಿ ಅಮೆರಿಕದ ಆಸ್ಪೆನ್ನಿನಲ್ಲಿ ಸೇರಿದ ಜೈಂಟ್ ಸ್ಲಾಲಮ್ ಮತ್ತು 1987ರಲ್ಲಿ ಸ್ವಿಟ್ಜರ್‌ಲೆಂಡಿನ ಕ್ರಾನ್ಸ್-ಮೊಂಟಾನದಲ್ಲಿ ಸೇರಿದ ಸೂಪರ್-ಜಿ.

ಗಡಿಯಾರ ಎಷ್ಟು ಸೂಕ್ಷ್ಮವಾಗಿ ಅಳೆಯುತ್ತದೆ ನೋಡಿ. ಸ್ಪರ್ಧಿ ಹೊರಡುವಾಗ ಅವನ ಕಾಲು ಒಂದು ತೆಳ್ಳನೆಯ ಕಡ್ಡಿಯನ್ನು ತಳ್ಳುತ್ತದೆ, ಗಡಿಯಾರ ಚಾಲೂ ಆಗುತ್ತದೆ. ಕೊನೆಯಲ್ಲಿ ಬೆಳಕಿನ ಕಿರಣವನ್ನು ಕಡಿದಾಗ ನಿಲ್ಲುತ್ತದೆ. ಫಲಿತಾಂಶ ಸೆಕೆಂಡಿನ ನೂರರಲ್ಲಿ ಒಂದು ಪಾಲಿನವರೆಗೆ. 2021ರಲ್ಲಿ ಇಟಲಿಯ ಕೊರ್ಟಿನದಲ್ಲಿ ಪುರುಷರ ಡೌನ್‌ಹಿಲ್ ಚಿನ್ನವನ್ನು ಆಸ್ಟ್ರಿಯದ ವಿನ್ಸೆಂಟ್ ಕ್ರೀಖ್‌ಮಾಯರ್ ಗೆದ್ದುದು ಕೇವಲ 0.01 ಸೆಕೆಂಡಿನ ಅಂತರದಲ್ಲಿ. ಮಕ್ಕಳೇ, ಒಂದು ಲೆಕ್ಕ ಮಾಡಿ. ಗಂಟೆಗೆ 108 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 30 ಮೀಟರ್. ನೂರರಲ್ಲಿ ಒಂದು ಪಾಲಿಗೆ 30 ಸೆಂಟಿಮೀಟರ್. ಅಂದರೆ ನಿಮ್ಮ ಉದ್ದದ ಸ್ಕೇಲಿನಷ್ಟು! ಇಬ್ಬರ ಕಾಲವೂ ನೂರನೆಯ ಪಾಲಿನವರೆಗೆ ಸಮವಾದರೆ ಅದಕ್ಕಿಂತ ಕೆಳಗೆ ಅವರನ್ನು ಬೇರ್ಪಡಿಸಲು ಹೋಗುವುದಿಲ್ಲ. 2014ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಮಹಿಳೆಯರ ಡೌನ್‌ಹಿಲ್ ಹೀಗೆ ಸಮವಾಗಿ, ಸ್ಲೊವೇನಿಯದ ಟೀನ ಮಾಜೆ ಮತ್ತು ಸ್ವಿಟ್ಜರ್‌ಲೆಂಡಿನ ಡೊಮಿನಿಕ್ ಗಿಸಿನ್ ಇಬ್ಬರಿಗೂ ಚಿನ್ನದ ಪದಕ ದೊರೆಯಿತು.

ಹಾಗಾದರೆ ಗಡಿಯಾರವಿದ್ದರೆ ನ್ಯಾಯ ಸಿಕ್ಕಿದಂತೆಯೇ? ಇಲ್ಲ. ಗಡಿಯಾರ ಎಲ್ಲರಿಗೂ ಒಂದೇ, ಆದರೆ ಹಾದಿ ಒಂದೇ ಆಗಿ ಉಳಿಯುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕೆಮ್ಮಣ್ಣಿನ ದಾರಿಯಲ್ಲಿ ಲಾರಿಗಳು ಹೋದ ಮೇಲೆ ಸೈಕಲು ತುಳಿದವರಿಗೆ ಇದು ಗೊತ್ತು. ಮೊದಲು ಇಳಿದವನಿಗೆ ನಯವಾದ ಹಿಮ, ನಲವತ್ತನೆಯವನಿಗೆ ಹಿಂದಿನವರು ಕೊರೆದ ಗುಂಡಿ, ತೋಡು. ಇದಕ್ಕಾಗಿ ಅವರು ಕೆಲವು ಏರ್ಪಾಡುಗಳನ್ನು ಮಾಡಿಕೊಂಡಿದ್ದಾರೆ. ಹಾದಿಗೆ ನೀರು ಹಾಯಿಸಿ, ಅದು ಮಂಜುಗಡ್ಡೆಯಂತೆ ಗಟ್ಟಿಯಾಗುವಂತೆ ಮಾಡುತ್ತಾರೆ. ಗಟ್ಟಿ ಹಾದಿಯಲ್ಲಿ ತೋಡು ಬೇಗ ಬೀಳುವುದಿಲ್ಲ. ಸ್ಲಾಲಮ್ ಮತ್ತು ಜೈಂಟ್ ಸ್ಲಾಲಮ್‌ಗಳಲ್ಲಿ ಎರಡು ಸಲ ಇಳಿದು ಎರಡೂ ಕಾಲಗಳನ್ನು ಕೂಡಿಸುತ್ತಾರೆ. ಮೊದಲ ಸುತ್ತಿನ ಮುಂಚೂಣಿಯ 30 ಮಂದಿ ಎರಡನೆಯ ಸುತ್ತಿನಲ್ಲಿ ತಲೆಕೆಳಗಾದ ಕ್ರಮದಲ್ಲಿ ಹೊರಡುತ್ತಾರೆ. ಮೂವತ್ತನೆಯವನಿಗೆ ಮೊದಲ ಸರದಿ, ಮೊದಲಿಗನಿಗೆ ಮೂವತ್ತನೆಯ ಸರದಿ. ಹಿಂದೆ ಬಿದ್ದವನಿಗೆ ನಯವಾದ ಹಾದಿ ಸಿಗುತ್ತದೆ. ಮುಂದಿರುವವನು ಕೆಟ್ಟ ಹಾದಿಯಲ್ಲೂ ತನ್ನ ಸ್ಥಾನ ಉಳಿಸಿಕೊಳ್ಳಬೇಕು.

ಎರಡನೆಯ ಸುತ್ತಿಗೆ ದ್ವಾರಗಳನ್ನು ಬೇರೆ ರೀತಿಯಲ್ಲಿ ನೆಡುತ್ತಾರೆ. ಸ್ಪರ್ಧಿಗಳು ಮುಂಚಿತವಾಗಿ ಹಾದಿಯನ್ನು ನೋಡಬಹುದು, ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಳ್ಳಬಹುದು. ದ್ವಾರಗಳ ನಡುವೆ ಜಾರಿ ಅಭ್ಯಾಸ ಮಾಡುವಂತಿಲ್ಲ. ಒಂದೇ ಒಂದು ದ್ವಾರ ತಪ್ಪಿದರೂ, ಕಾಲ ಎಷ್ಟೇ ಚೆನ್ನಾಗಿದ್ದರೂ, ಲೆಕ್ಕಕ್ಕಿಲ್ಲ. ಡೌನ್‌ಹಿಲ್ ಮಾತ್ರ ಅಪಾಯದ್ದಾದುದರಿಂದ ಅಲ್ಲಿ ಮುಂಚಿತವಾಗಿ ಅಭ್ಯಾಸದ ಇಳಿತ ಕಡ್ಡಾಯ. 1989 ಮತ್ತು 1991ರಲ್ಲಿ ಸೂಪರ್-ಜಿ ವಿಶ್ವ ಚಾಂಪಿಯನ್ ಆಗಿದ್ದ ಆಸ್ಟ್ರಿಯದ ಉಲ್ರಿಕೆ ಮಾಯರ್ 1994ರಲ್ಲಿ ಜರ್ಮನಿಯಲ್ಲಿ ನಡೆದ ಒಂದು ಡೌನ್‌ಹಿಲ್ ಸ್ಪರ್ಧೆಯಲ್ಲಿ ಬಿದ್ದು ಪ್ರಾಣ ಕಳೆದುಕೊಂಡರು. ಇದು ಆಟವಾದರೂ ಹುಡುಗಾಟವಲ್ಲ.

ಇನ್ನೊಂದು ನಿಯಮ ನನಗೆ ಬಹಳ ಮೆಚ್ಚುಗೆಯಾಯಿತು. ಒಂದು ವಿಭಾಗಕ್ಕೆ ಒಂದು ದೇಶದಿಂದ ನಾಲ್ವರು ಮಾತ್ರ, ಹಿಂದಿನ ಸಲದ ಚಾಂಪಿಯನ್ ಇದ್ದರೆ ಅವರು ಹೆಚ್ಚುವರಿ. ಆಸ್ಟ್ರಿಯದಲ್ಲಿ ಇಪ್ಪತ್ತು ಮಂದಿ ನಿಪುಣರಿದ್ದರೂ ಇಪ್ಪತ್ತು ಮಂದಿಯನ್ನು ತಂದು ನಿಲ್ಲಿಸುವಂತಿಲ್ಲ. ಹೀಗಾಗಿ ಚಿಕ್ಕ ದೇಶಗಳಿಗೂ, ಹಿಮ ಕಡಿಮೆಯಿರುವ ದೇಶಗಳಿಗೂ ಎಡೆ ಉಳಿಯುತ್ತದೆ.

ಆ ಎಡೆಯಲ್ಲಿ ನಮ್ಮ ದೇಶದವರೂ ನಿಂತಿದ್ದಾರೆ. ಕಾಶ್ಮೀರದ ಗುಲ್ಮಾರ್ಗಿನಲ್ಲಿ ಸ್ಕೀ ಕಲಿತ ಆರಿಫ್ ಖಾನ್ ವಿಶ್ವ ಚಾಂಪಿಯನ್‌ಷಿಪ್ಪುಗಳಲ್ಲಿ ಭಾಗವಹಿಸಿದವರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿಗೆ ಭಾರತದಿಂದ ಹೋದವರು ಅವರೊಬ್ಬರೇ. ಹಿಮ ಸುರಿಯುತ್ತಿದ್ದ, ಹಲವಾರು ಮಂದಿ ಕೊನೆ ಮುಟ್ಟಲಾಗದ ಆ ಜೈಂಟ್ ಸ್ಲಾಲಮಿನಲ್ಲಿ ಅವರು ಎರಡೂ ಸುತ್ತುಗಳನ್ನು ಮುಗಿಸಿ 45ನೆಯವರಾದರು. ಹಿಮಾಚಲ ಪ್ರದೇಶದ ಆಂಚಲ್ ಠಾಕೂರ್ 2018ರಲ್ಲಿ ತುರ್ಕಿಯಲ್ಲಿ ನಡೆದ ಅಂತಾರಾಷ್ಟ್ರೀಯ ಒಕ್ಕೂಟದ ಸ್ಪರ್ಧೆಯೊಂದರಲ್ಲಿ ಸ್ಲಾಲಮಿನ ಕಂಚು ಗೆದ್ದರು. ಬಯಲಿನ ಸ್ಕೀಯಿಂಗಿನಲ್ಲಿ ನಮ್ಮ ನೆರೆಯ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿದ್ದಾರೆ. ಕೊಡಗಿನಲ್ಲಿ ಮಂಜು ಮುಸುಕುವುದುಂಟೇ ಹೊರತು ಹಿಮ ಬೀಳುವುದಿಲ್ಲ!

45ನೆಯ ಸ್ಥಾನವೆಂದರೆ ಏನು ಮಹಾ ಎಂದು ಕೇಳುವವರಿರಬಹುದು. ಗಡಿಯಾರವು ಆರಂಭದ ಕಡ್ಡಿಯಿಂದ ಕೊನೆಯ ಗೆರೆಯವರೆಗೆ ಮಾತ್ರ ನ್ಯಾಯ ಕೊಡಬಲ್ಲದು. ಆ ಕಡ್ಡಿಯ ಬಳಿಗೆ ಬರುವ ದಾರಿ ಎಲ್ಲರಿಗೂ ಸಮವಲ್ಲ. ಆಲ್ಪ್ಸ್ ತಪ್ಪಲಿನ ಮಗುವಿಗೆ ಮನೆಯ ಅಂಗಳದಲ್ಲೇ ಹಿಮವಿರುತ್ತದೆ, ತರಬೇತಿದಾರರಿರುತ್ತಾರೆ. ನಮ್ಮವರು ಅವೆಲ್ಲವನ್ನೂ ಹುಡುಕಿಕೊಂಡು ಹೋಗಿ ನಿಂತವರು.

ಇದು ಹಿಮಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ಆ ದಿನ ಬೇಲಿಯಾಚೆಯಿಂದ "ಇದು ಯಾವ ನ್ಯಾಯ?" ಎಂದು ಕೇಳಿದ ಹಿರಿಯರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಅವರ ಪುಳ್ಳಿ ಆ ಓಟದಲ್ಲಿ ಮೂರನೆಯವಳಾದಳು. ಗೆರೆ ಸರಿಯಾಗಿ ಎಳೆಯುವುದು ನಮ್ಮ ಕೆಲಸ, ಅದನ್ನು ಮಾಡಿದ್ದೆವು. ಆದರೆ ಮೊದಲ ಇಬ್ಬರು ತಿಂಗಳುಗಟ್ಟಲೆ ಸಂಜೆ ಅಭ್ಯಾಸಕ್ಕೆ ನಿಂತವರು. ಇವಳಿಗೆ ಮಾತ್ರ ಮನೆಯ ಕೆಲಸಕ್ಕೆಂದು ನಾಲ್ಕು ಗಂಟೆಯ ಬಸ್ಸನ್ನೇ ಹಿಡಿಯಬೇಕಾಗಿತ್ತು. ಇದನ್ನು ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ವಾರದಿಂದ ಆ ಹುಡುಗಿ ವಾರದಲ್ಲಿ ಎರಡು ದಿನ ಐದೂವರೆಯ ಬಸ್ಸಿಗೆ ಹೋಗುತ್ತಿದ್ದಾಳೆ. ಈ ವರ್ಷದ ಕ್ರೀಡೋತ್ಸವಕ್ಕೆ ಸುಣ್ಣದ ಗೆರೆ ಎಳೆಯುವಾಗ ಹಗ್ಗ ಹಿಡಿಯಲು ಆ ಎಂಟನೆಯ ತರಗತಿಯ ಹುಡುಗನನ್ನೇ ಕರೆಯಬೇಕೆಂದಿದ್ದೇನೆ.