ಮನೆಮಾತಿನ ಖಾತೆ ನಿಷ್ಕ್ರಿಯವಾಗದಿರಲಿ

ನವೆಂಬರ್ ತಿಂಗಳು ಬಂದಿತೆಂದರೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಎಲ್ಲಿಲ್ಲದ ಸಂಭ್ರಮ. ನಾಡಗೀತೆ ಮೊಳಗುತ್ತದೆ, ಮಕ್ಕಳು ವೇಷ ತೊಟ್ಟು ವೇದಿಕೆಯೇರುತ್ತಾರೆ, ಹೆತ್ತವರು ಹೆಮ್ಮೆಯಿಂದ ಚಪ್ಪಾಳೆ ತಟ್ಟುತ್ತಾರೆ. ಆ ಮಕ್ಕಳ ಕೈಯಲ್ಲಿರುವ ಹಾಡಿನ ಚೀಟಿಯನ್ನು ಒಮ್ಮೆ ಗಮನಿಸಬೇಕು. ಕನ್ನಡದ ಹಾಡು ಅಲ್ಲಿ ಎಷ್ಟೋ ಸಲ ಇಂಗ್ಲಿಷ್ ಅಕ್ಷರಗಳಲ್ಲಿ, ಇಲ್ಲವೇ ದೇವನಾಗರಿಯಲ್ಲಿ ಇರುತ್ತದೆ. ನಮ್ಮ ಮನೆಯ ಮಕ್ಕಳ ಚೀಟಿಯೂ ಹಾಗೆಯೇ ಇತ್ತು. ಅದನ್ನು ಬರೆದುಕೊಟ್ಟವರು ನಾವೇ.

ಕನ್ನಡಕ್ಕೆ ಅಳಿವಿನ ಭಯವಿದೆಯೇ ಎಂದು ಕೇಳಿದರೆ, ಒಟ್ಟಾರೆಯಾಗಿ ಇಲ್ಲವೆಂದೇ ಹೇಳಬೇಕು. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 4.37 ಕೋಟಿ ಮಂದಿ. 2008ರಲ್ಲಿ ಅದಕ್ಕೆ ಶಾಸ್ತ್ರೀಯ ಭಾಷೆಯ ಮನ್ನಣೆಯೂ ದೊರೆತಿದೆ. ಆದರೆ ಭಾಷೆಯ ಆರೋಗ್ಯವನ್ನು ಬರೀ ತಲೆಯೆಣಿಕೆಯಿಂದ ಅಳೆಯಲಾಗದು. ಯುನೆಸ್ಕೊದ ತಜ್ಞರ ತಂಡವೊಂದು 2003ರಲ್ಲಿ ಭಾಷೆಗಳ ಜೀವಂತಿಕೆಯನ್ನು ಅರಿಯಲು ಒಂಬತ್ತು ಅಂಶಗಳನ್ನು ಸೂಚಿಸಿತು. ಮಾತನಾಡುವವರ ಸಂಖ್ಯೆ ಅಲ್ಲಿ ಎರಡನೆಯದು. ಮೊದಲನೆಯದು, ಒಂದು ತಲೆಮಾರಿನಿಂದ ಮುಂದಿನ ತಲೆಮಾರಿಗೆ ಭಾಷೆ ಹರಿದುಹೋಗುತ್ತಿದೆಯೇ ಎಂಬ ಪ್ರಶ್ನೆ.

ಆ ತಂಡ ಗುರುತಿಸಿದ ಮೆಟ್ಟಿಲುಗಳು ಹೀಗಿವೆ. ಮಕ್ಕಳು ಭಾಷೆಯನ್ನು ಮನೆಯೊಳಗೆ ಮಾತ್ರ ಆಡುವುದು ಮೊದಲ ಇಳಿತ. ಮಕ್ಕಳು ಅದನ್ನು ಮನೆಯಲ್ಲಿ ಮಾತೃಭಾಷೆಯಾಗಿ ಕಲಿಯದಿರುವುದು ಎರಡನೆಯದು. ಅಜ್ಜ ಅಜ್ಜಿಯರು ಆಡುತ್ತಾರೆ, ತಂದೆ ತಾಯಿಗೆ ಅರ್ಥವಾಗುತ್ತದೆ, ಆದರೆ ಅವರು ಮಕ್ಕಳೊಡನೆ ಆ ಭಾಷೆಯಲ್ಲಿ ಮಾತನಾಡುವುದಿಲ್ಲ ಎಂಬುದು ಮೂರನೆಯದು. ನಮ್ಮ ಬಡಾವಣೆಯ ಕನ್ನಡ ಕುಟುಂಬಗಳನ್ನು ನೆನೆದುಕೊಂಡರೆ ಈ ಮೂರೂ ಮೆಟ್ಟಿಲುಗಳು ಒಂದೇ ಕಟ್ಟಡದಲ್ಲಿ ಕಾಣಸಿಗುತ್ತವೆ. ಭಾಷೆ ತನ್ನ ನಾಡಿನಲ್ಲಿ ಸುಭದ್ರವಾಗಿರುವಾಗಲೇ ಒಂದು ಮನೆಯಿಂದ ಸದ್ದಿಲ್ಲದೆ ನಿರ್ಗಮಿಸಬಲ್ಲದು.

ಮುಂಬಯಿಯಲ್ಲಿ ಈ ಸಂಗತಿಗೆ ಇನ್ನೊಂದು ಮುಖವಿದೆ. ಇಲ್ಲಿನ ಅನೇಕ ಕನ್ನಡಿಗರ ಮನೆಮಾತು ತುಳು ಅಥವಾ ಕೊಂಕಣಿ. ಕನ್ನಡ ಅವರಿಗೆ ಓದುಬರಹದ, ಸಭೆ ಸಮಾರಂಭಗಳ ಭಾಷೆ. ಯುನೆಸ್ಕೊದ ಅಪಾಯದಂಚಿನ ಭಾಷೆಗಳ ನಕ್ಷೆಯಲ್ಲಿ ತುಳು ಹಾಗೂ ಕೊಡವ ಭಾಷೆಗಳು ಸೇರಿವೆ. ಮನೆಮಾತನ್ನೂ ಅಕ್ಷರದ ಭಾಷೆಯನ್ನೂ ಒಟ್ಟಿಗೆ ಬಿಟ್ಟ ಕುಟುಂಬದ ನಷ್ಟ ಇಮ್ಮಡಿಯಾಗುತ್ತದೆ.

ಭಾಷೆ ಹೋದರೂ ಕಲೆ, ಹಬ್ಬ, ಅಡುಗೆಗಳಲ್ಲಿ ಸಂಸ್ಕೃತಿ ಉಳಿಯುವುದೆಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಯಕ್ಷಗಾನವನ್ನೇ ನೋಡೋಣ. ಕನ್ನಡ ಓದಲು ಬಾರದ ಮಗುವೂ ಹೆಜ್ಜೆ ಕಲಿಯಬಹುದು, ಕಿರೀಟ ಧರಿಸಿ ಕುಣಿಯಬಹುದು. ಆದರೆ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯವನ್ನು ಹಿಡಿದು ಅರ್ಥಧಾರಿಗಳು ಆ ಕ್ಷಣದಲ್ಲೇ ಮಾತನ್ನು ಹೆಣೆಯಬೇಕು, ಎದುರಾಳಿಯ ವಾದಕ್ಕೆ ಅಲ್ಲಿಯೇ ಉತ್ತರ ಕೊಡಬೇಕು. ಪುರಾಣಗಳ ಓದು ಹಾಗೂ ಮಾತಿನ ಸಂಪತ್ತು ಇಲ್ಲದವರಿಗೆ ಅದು ಸಾಧ್ಯವಿಲ್ಲ. ಅರ್ಥಧಾರಿಗಳಿಲ್ಲದೆ ತಾಳಮದ್ದಳೆಯಿಲ್ಲ, ಕೇಳಿ ಸವಿಯುವವರಿಲ್ಲದಿದ್ದರೂ ಇಲ್ಲ.

ಬ್ಯಾಂಕಿನಲ್ಲಿ ದುಡಿಯುವ ನಮಗೆ ಇಲ್ಲಿ ವೃತ್ತಿಯ ನಿಯಮವೊಂದು ನೆನಪಾಗುತ್ತದೆ. ಉಳಿತಾಯ ಖಾತೆಯಲ್ಲಿ ಗ್ರಾಹಕರು ಎರಡು ವರ್ಷಗಳಿಗೂ ಹೆಚ್ಚು ಕಾಲ ಯಾವುದೇ ವಹಿವಾಟು ನಡೆಸದಿದ್ದರೆ ಅದು ನಿಷ್ಕ್ರಿಯ ಖಾತೆಯೆನಿಸುತ್ತದೆ. ಬ್ಯಾಂಕು ತಾನಾಗಿ ಜಮಾ ಮಾಡುವ ಬಡ್ಡಿ ಗ್ರಾಹಕರ ವಹಿವಾಟಿನ ಲೆಕ್ಕಕ್ಕೆ ಬರುವುದಿಲ್ಲ. ಸಂಘದ ವಾರ್ಷಿಕೋತ್ಸವವೂ ಬಹುಮಟ್ಟಿಗೆ ಆ ಬಡ್ಡಿಯಂತೆಯೇ. ಅದು ಜಮಾ ಆಗುತ್ತಿರುತ್ತದೆ, ಆದರೆ ಮನೆಯವರು ದಿನನಿತ್ಯ ನಡೆಸುವ ವಹಿವಾಟಿಗೆ ಬದಲಾಗಲಾರದು. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾದರೂ ವಾರಸುದಾರರು ದಾಖಲೆ ತೋರಿಸಿ ಮರಳಿ ಪಡೆಯಬಹುದು. ಭಾಷೆಯ ವಿಷಯದಲ್ಲಿ ಅಂತಹ ಅನುಕೂಲವಿಲ್ಲ. ಮಾತು ಕಲಿಸಬಲ್ಲ ಹಿರಿಯರು ತೀರಿಹೋದ ಮೇಲೆ ಅರ್ಜಿ ಸಲ್ಲಿಸುವುದು ಯಾರಿಗೆ?

ಹಾಗೆಂದು ನಿರಾಶರಾಗಬೇಕಿಲ್ಲ. ಮುಂಬಯಿಯ ಶಾಲೆಗಳಲ್ಲಿ ಮರಾಠಿ, ಹಿಂದಿ ಓದುವ ಮಕ್ಕಳು ಕನ್ನಡದ ಅರ್ಧ ದಾರಿಯನ್ನು ಆಗಲೇ ಕ್ರಮಿಸಿರುತ್ತಾರೆ. ಕನ್ನಡ ಮತ್ತು ದೇವನಾಗರಿ ಲಿಪಿಗಳೆರಡರ ಮೂಲವೂ ಬ್ರಾಹ್ಮಿ. ಸ್ವರ, ವರ್ಗೀಯ ವ್ಯಂಜನ, ಅವರ್ಗೀಯ ವ್ಯಂಜನ ಎಂಬ ಜೋಡಣೆ ಎರಡರಲ್ಲೂ ಒಂದೇ. ಮರಾಠಿ ಬಲ್ಲ ಮಗುವಿಗೆ 'ಳ'ಕಾರವೂ ಹೊಸದಲ್ಲ. ಹ್ರಸ್ವ 'ಎ' ಮತ್ತು 'ಒ', ಅಕ್ಷರದ ಕೆಳಗೆ ಬರುವ ಒತ್ತುಗಳು, ಇವುಗಳನ್ನು ಹೊಸದಾಗಿ ಕಲಿಸಬೇಕು. ಉಳಿದಂತೆ ತಿಳಿದ ಧ್ವನಿಗೆ ಹೊಸ ಆಕಾರವನ್ನು ತೋರಿಸಿದರೆ ಸಾಕು. ದಿನಕ್ಕೆ ಎರಡು ಅಕ್ಷರ ಕಲಿಸಿದರೂ ನಲವತ್ತೊಂಬತ್ತು ಅಕ್ಷರಗಳು ಇಪ್ಪತ್ತೈದು ದಿನಗಳಲ್ಲಿ ಮುಗಿಯುತ್ತವೆ. ಕಾಗುಣಿತ, ಒತ್ತಕ್ಷರಗಳಿಗೆ ಇನ್ನೆರಡು ತಿಂಗಳು ಹಿಡಿಯಬಹುದು. ಒಂದು ಬೇಸಿಗೆ ರಜೆಯಲ್ಲಿ ಭದ್ರವಾದ ಆರಂಭ ಮಾಡಬಹುದಾದ ಕೆಲಸವಿದು.

ಅಕ್ಷರ ಕಲಿತ ಮಗುವಿಗೆ ಓದಲು ಏನಾದರೂ ಬೇಕು. ಅಂಗಡಿ ಸಾಮಾನಿನ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಅದರ ಕೈಗೆ ಕೊಡಬಹುದು. ಊರಿನ ಅಜ್ಜಿಗೆ ಮೊಬೈಲಿನಲ್ಲಿ ಕನ್ನಡದಲ್ಲಿಯೇ ಸಂದೇಶ ಕಳುಹಿಸುವಂತೆ ಹೇಳಬಹುದು. ಊಟದ ಹೊತ್ತಿನಲ್ಲಾದರೂ ಮನೆಮಾತಿನಲ್ಲೇ ಮಾತನಾಡುವ ಕಟ್ಟುಪಾಡನ್ನು ಹಿರಿಯರಾದ ನಾವು ಮೊದಲು ಪಾಲಿಸಬೇಕು. ಮಕ್ಕಳು ತಪ್ಪಾಗಿ ಉಚ್ಚರಿಸಿದಾಗ ನಗದಿರುವುದು ಅಷ್ಟೇ ಮುಖ್ಯ. ಒಮ್ಮೆ ನಕ್ಕರೆ ಮಗು ಇಂಗ್ಲಿಷಿಗೆ ಹಿಂದಿರುಗುತ್ತದೆ. ಈ ತಪ್ಪನ್ನೂ ನಾವು ಮಾಡಿದ್ದೇವೆ.

ಮುಂದಿನ ರಾಜ್ಯೋತ್ಸವಕ್ಕೆ ಸಂಘದಲ್ಲಿ ಹೊಸ ಸ್ಪರ್ಧೆಗಳೇನೂ ಬೇಕಿಲ್ಲ. ಮಕ್ಕಳ ಕೈಯ ಚೀಟಿಯಲ್ಲಿ ಹಾಡು ಕನ್ನಡ ಲಿಪಿಯಲ್ಲಿಯೇ ಇರಲಿ, ಅದನ್ನು ಮಕ್ಕಳೇ ಬರೆದಿರಲಿ. ಅಕ್ಷರಗಳು ಸೊಟ್ಟಗಿದ್ದರೂ ಚಿಂತೆಯಿಲ್ಲ.