ಮೆಣಸಿನ ಗಿಡದ ಎಲೆ ಮುದುಡಿದಾಗ

ಹಿತ್ತಲಿನಲ್ಲೋ ತಾರಸಿಯ ಕುಂಡದಲ್ಲೋ ನಾಲ್ಕು ಮೆಣಸಿನ ಗಿಡ ಬೆಳೆಸುವವರಿಗೆಲ್ಲ ಪರಿಚಯವಾದ ತೊಂದರೆಯಿದು. ಗಿಡ ಚೆನ್ನಾಗಿ ಬೆಳೆದು ಇನ್ನೇನು ಹೂ ಬಿಡಬೇಕು ಎನ್ನುವಾಗ ಎಲೆ ಮುದುಡುತ್ತದೆ. ಕೂಡಲೇ ಅಂಗಡಿಗೆ ಹೋಗಿ ಸಿಕ್ಕ ಔಷಧಿ ತರುವ ಮೊದಲು ಎಲೆಯನ್ನೊಮ್ಮೆ ಸರಿಯಾಗಿ ನೋಡಿ. ಆ ಗಿಡದ ಕಾಯಿ ನಾಳೆ ನಿಮ್ಮ ಅಡುಗೆಗೇ ಬರುವಂಥದ್ದು.

ನಮ್ಮ ರೈತರು ಮುಟುರು ರೋಗ ಎಂದು ಒಂದೇ ಹೆಸರಿನಿಂದ ಕರೆಯುವ ಈ ತೊಂದರೆಯ ಹಿಂದೆ ಮೂರು ಕಾರಣಗಳಿರಬಹುದು.

ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಕೆಲಸ. ಕುಡಿಯನ್ನು ಬಿಳಿ ಹಾಳೆಯ ಮೇಲೆ ಕೊಡವಿ. ಗೀರಿನಂಥ ಸಣ್ಣ ಹುಳುಗಳು ಹರಿದಾಡುವುದು ಕಾಣುತ್ತದೆ. 2021ರಲ್ಲಿ ದಕ್ಷಿಣದ ರಾಜ್ಯಗಳ ಮೆಣಸಿನ ಬೆಳೆಯನ್ನು ಹಾಳುಗೆಡವಿದ ಕಪ್ಪು ಥ್ರಿಪ್ಸ್ ಹೂವಿನೊಳಗೆ ಅವಿತಿರುತ್ತದೆ. ಆದ್ದರಿಂದ ಹೂವನ್ನೂ ಕೊಡವಿ ನೋಡಿ.

ಅಂಚು ಕೆಳಕ್ಕೆ ಬಾಗಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿಯನ್ನು ಶಂಕಿಸಬೇಕು. ಇದು ಬರಿಗಣ್ಣಿಗೆ ಕಾಣದು, ಭೂತಗನ್ನಡಿ ಬೇಕು. ಮೈಟ್ ಕೀಟವಲ್ಲ, ಜೇಡದ ಬಳಗದ ಜೀವಿ. ಹೀಗಾಗಿಯೇ ಅನೇಕ ಕೀಟನಾಶಕಗಳು ಇದರ ಮೇಲೆ ನಾಟುವುದಿಲ್ಲ.

ಎಲೆಗಳು ಚಿಕ್ಕದಾಗಿ, ಸುಕ್ಕುಗಟ್ಟಿ, ಹಳದಿಗೆ ತಿರುಗಿ, ಗಿಡ ಗಿಡ್ಡಾಗಿ ಗುಂಪುಗುಂಪಾಗಿ ನಿಂತರೆ ಅದು ನಂಜಾಣು ರೋಗವಿರಬಹುದು. ಇದನ್ನು ಹರಡುವುದು ಬಿಳಿನೊಣ. ಈ ರೋಗಕ್ಕೆ ಮದ್ದಿಲ್ಲ. ಮನಸ್ಸು ಗಟ್ಟಿ ಮಾಡಿ ಆ ಗಿಡವನ್ನು ಕಿತ್ತರೆ ಉಳಿದ ಗಿಡಗಳಾದರೂ ಉಳಿಯುತ್ತವೆ.

ಮೊದಲೆರಡು ತೊಂದರೆಗಳಿಗೆ ಮದ್ದುಂಟು. ಥ್ರಿಪ್ಸ್‌ಗೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಬೆರೆಸಿ, ಸಂಜೆಯ ಹೊತ್ತು ಎಲೆಯ ಕೆಳಭಾಗ ನೆನೆಯುವಂತೆ ಸಿಂಪಡಿಸಿ. ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕದ ಪುಡಿ, ಲೀಟರಿಗೆ 2ರಿಂದ 3 ಗ್ರಾಂ. ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೆ ಗಂಧಕ ಬಳಸಬೇಡಿ, ಎಲೆ ಸುಡುತ್ತದೆ. ಬಿಸಿಲು ಬಲವಾಗಿದ್ದಾಗಲೂ ಗಂಧಕ ಬೇಡ.

ಎಲೆ ಮುದುಡದೆ ಬರಿದೇ ಹಳದಿಯಾಗಿದ್ದರೆ, ಹಳದಿ ಎಲ್ಲಿಂದ ಶುರುವಾಯಿತು ಎಂಬುದನ್ನು ಗಮನಿಸಿ. ಸಾರಜನಕ ಕಡಿಮೆಯಾದಾಗ ಗಿಡ ಹಳೆಯ ಎಲೆಯಲ್ಲಿರುವುದನ್ನು ತೆಗೆದು ಚಿಗುರಿಗೆ ಕೊಡುತ್ತದೆ, ಆದ್ದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಇದಕ್ಕೆ ಕಳಿತ ಗೊಬ್ಬರ ಸಾಕು. ಕಬ್ಬಿಣವನ್ನು ಗಿಡ ಹಾಗೆ ಸಾಗಿಸಲಾರದು. ಅದರ ಕೊರತೆಯಾದರೆ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಕೊಳವೆಬಾವಿಯ ಗಡಸು ನೀರನ್ನೇ ಸದಾ ಉಣಿಸುವ ಕುಂಡಗಳಲ್ಲಿ ಹೀಗಾಗುವುದುಂಟು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರ ಹೆಚ್ಚಿದರೆ ಬೇರಿಗೆ ಅದು ದಕ್ಕದು. ಮಳೆನೀರು ಹಿಡಿದು ಹಾಕಿ ನೋಡಿ.

ಇನ್ನು ನೀರಿನ ವಿಷಯ. ಮಧ್ಯಾಹ್ನದ ಬಿಸಿಲಿಗೆ ಜೋತ ಎಲೆ ಸಂಜೆಗೆ ಚೇತರಿಸಿಕೊಂಡರೆ ಗಾಬರಿ ಬೇಡ. ಮಣ್ಣು ಒದ್ದೆಯಾಗಿದ್ದೂ ಎಲೆ ಜೋತಿದ್ದರೆ ಬೇರು ಕೊಳೆಯುತ್ತಿರಬಹುದು. ಕುಂಡದ ತಳದ ತೂತು ಕಟ್ಟಿದೆಯೇ ಎಂದು ನೋಡಿ, ನೀರು ಕಡಿಮೆ ಮಾಡಿ.

ವಾರಕ್ಕೊಮ್ಮೆ ಎಲೆಯನ್ನು ಮಗುಚಿ ನೋಡುವ ಅಭ್ಯಾಸವಿರಲಿ. ತೊಂದರೆ ಎರಡು ಎಲೆಯಲ್ಲಿರುವಾಗ ಕಂಡರೆ ಆ ಎರಡೆಲೆ ಚಿವುಟಿದರೆ ಮುಗಿಯಿತು.