ಗುರುವಿಗೆ ಕಾಣಿಕೆ, ತರಗತಿಗೆ ಸೀಮೆಸುಣ್ಣ: ಯಾವುದು ಯಾರ ಹೊಣೆ?



ಸೆಪ್ಟೆಂಬರ್ ತಿಂಗಳ ಮೊದಲ ವಾರ ನಮ್ಮ ಮನೆಗಳಿಗೆ ಎರಡು ಸಂಭ್ರಮಗಳು ಒಟ್ಟಿಗೆ ಬರುತ್ತವೆ. 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬ. ಅದಕ್ಕೆ ಮುಂಚಿನ ನವದಿನಗಳ ಪ್ರಾರ್ಥನೆಯ ನಡುವೆಯೇ, 5ರಂದು, ಶಿಕ್ಷಕರ ದಿನಾಚರಣೆ. ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಜನ್ಮದಿನವನ್ನು 1962ರಿಂದ ಹೀಗೆ ಆಚರಿಸುತ್ತಾ ಬಂದಿದ್ದೇವೆ. ಅದೇ ದಿನ ಕೋಲ್ಕತ್ತದ ಸಂತ ತೆರೇಸಾ ಅವರ ಸ್ಮರಣೆಯೂ ಹೌದು. ಬಡವರ ಸೇವೆಗೆ ಇಳಿಯುವ ಮೊದಲು ಅವರೂ ಹಲವು ವರ್ಷ ಶಾಲೆಯಲ್ಲಿ ಪಾಠ ಹೇಳಿದವರೇ.

ಆ ವಾರ ಮಕ್ಕಳು ಮನೆಯಲ್ಲಿ ಕೇಳುವುದು ಒಂದೇ: "ಅವ್ವಾ, ಟೀಚರಿಗೆ ಏನು ಕೊಡೋಣ?" ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಸೀಮೆಸುಣ್ಣ, ಡಸ್ಟರ್, ಚಾರ್ಟು, ಗ್ಲೋಬು, ಇವುಗಳಿಗೆ ಹಣ ಹಾಕಬೇಕಾದವರು ಯಾರು? ಈ ಎರಡನ್ನೂ ನಾವು ಅನೇಕ ವೇಳೆ ಕಲಸಿಬಿಡುತ್ತೇವೆ. ಕಾಣಿಕೆ ಪ್ರೀತಿಗೆ ಸೇರಿದ್ದು. ತರಗತಿಯ ಸಾಮಗ್ರಿ ನ್ಯಾಯಕ್ಕೆ ಸೇರಿದ್ದು.

ನಮ್ಮ ಸೀಮೆಯ ಹಳೆಯ ಲೆಕ್ಕ

ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಇನ್ನೂರು ವರ್ಷಗಳ ಹಿಂದೆ ಈ ಸೀಮೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1822ರಲ್ಲಿ ಗವರ್ನರ್ ಥಾಮಸ್ ಮನ್ರೋ ಅವರು ಪ್ರಾಂತ್ಯದ ಶಾಲೆಗಳ ವಿವರ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ವರದಿ ಕಳುಹಿಸಿದರು. ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಅದರಲ್ಲಿ 235 ಕನ್ನಡ ಶಾಲೆಗಳು.

ಆಗಿನ ಸಾಮಗ್ರಿ ಎಷ್ಟು ಸರಳ ನೋಡಿ. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಆಮೇಲೆ ಇದ್ದಿಲ ಪುಡಿ ಬಳಿದ ಹಲಗೆ, ಅಥವಾ ಗಂಜಿ ಹಾಕಿ ಗಡುಸುಮಾಡಿ ಕಪ್ಪು ಲೇಪಿಸಿದ ಬಟ್ಟೆಯ ಕಡತ. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ಇಷ್ಟು ಅಗ್ಗವಾಗಿ ಕಲಿಸುವ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡರು. ಆದರೆ ಗುರುವಿನ ಜೀವನ ನಡೆಯುತ್ತಿದ್ದುದು ಮಕ್ಕಳ ಮನೆಯವರು ತಿಂಗಳಿಗೆ ಕೊಡುತ್ತಿದ್ದ ಕೆಲವು ಆಣೆಗಳಿಂದ. ಸಾಮಾನ್ಯ ಜನರಲ್ಲಿ ಬಹುಪಾಲು ಜನರಿಗೆ ಆ ಖರ್ಚನ್ನೂ ಭರಿಸುವ ಶಕ್ತಿ ಇರಲಿಲ್ಲ. ಈ 533ರಲ್ಲಿ ಒಂದು ಶಾಲೆಗೂ ಸರ್ಕಾರದ ನೆರವಿಲ್ಲವೆಂದು ಹೇಳಲು ತಮಗೆ ನಾಚಿಕೆಯಾಗುತ್ತದೆ ಎಂದೇ ಅವರು ಬರೆದರು.

ಇದರಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಶಾಲೆಯ ಭಾರವೆಲ್ಲ ಮನೆಯವರ ಮೇಲೆ ಬಿದ್ದಾಗ ಬಡವರ ಮಗು ಬಾಗಿಲ ಹೊರಗೇ ಉಳಿಯುತ್ತದೆ.

ಇಂದು ಕಾನೂನು ಏನು ಹೇಳುತ್ತದೆ?

2002ರ ಸಂವಿಧಾನ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಟ್ಟಡ, ಶಿಕ್ಷಕರು ಮತ್ತು ಕಲಿಕಾ ಸಾಮಗ್ರಿಗಳನ್ನು ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಸರ್ಕಾರಿ ಶಾಲೆಗೆ ವರ್ಷಕ್ಕೆ 10 ಸಾವಿರ ರೂಪಾಯಿ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ ರೂಪಾಯಿ ಶಾಲಾ ಅನುದಾನವಿದೆ. ಬೋಧನೋಪಕರಣ, ಸಣ್ಣಪುಟ್ಟ ದುರಸ್ತಿ ಎಲ್ಲವೂ ಇದರಲ್ಲೇ ಆಗಬೇಕು. ಈ ಮೊತ್ತ ದೊಡ್ಡದಲ್ಲ ಎಂಬುದು ಶಾಲೆ ನಡೆಸುವವರಿಗೆಲ್ಲ ಗೊತ್ತು.

ಹಾಗಾದರೆ ಕೊರತೆಯನ್ನು ಪೋಷಕರು ತುಂಬಬೇಕೇ? 2022ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಎದ್ದಿತು. ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಸ್ವಇಚ್ಛೆಯ ದೇಣಿಗೆ ಎಂದಿದ್ದರೂ ಟೀಕೆ ಬಂತು, ಕೆಲವೇ ದಿನಗಳಲ್ಲಿ ಸುತ್ತೋಲೆಯನ್ನು ಹಿಂಪಡೆಯಲಾಯಿತು. ಮಳೆ ಕೈಕೊಟ್ಟ ವರ್ಷ ದುಡಿಮೆಗಾಗಿ ಊರು ಬಿಡುವ ಕುಟುಂಬಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟಿಲ್ಲ! ಅವರ ಮಗುವಿನ ಮುಂದೆ ದೇಣಿಗೆಯ ಪಟ್ಟಿ ಓದಿದರೆ 'ಸ್ವಇಚ್ಛೆ' ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಶಿಕ್ಷಕರ ಜೇಬಿನಿಂದಲೇ?

ಪೋಷಕರೂ ಕೊಡದೆ, ಅನುದಾನವೂ ಸಾಲದೆ ಹೋದಾಗ ಭಾರ ಸದ್ದಿಲ್ಲದೆ ಶಿಕ್ಷಕರ ಮೇಲೆ ಬೀಳುತ್ತದೆ. ಇದು ನಮ್ಮಲ್ಲಿ ಮಾತ್ರವಲ್ಲ. ಶ್ರೀಮಂತ ದೇಶವಾದ ಅಮೆರಿಕದಲ್ಲೂ ಶಿಕ್ಷಕರು ತರಗತಿಗಾಗಿ ಸ್ವಂತ ಹಣ ಹಾಕುವುದುಂಟು. ಅದರಲ್ಲಿ ಒಂದಷ್ಟನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಅಲ್ಲಿನ ಕಾನೂನು ಅವಕಾಶ ಕೊಟ್ಟಿದೆ. ಆದರೆ ಗೌರವಧನದಲ್ಲಿ ದುಡಿಯುವ ನಮ್ಮ ಅತಿಥಿ ಶಿಕ್ಷಕಿ ಚಾರ್ಟು ಕೊಂಡರೆ ಅದು ಅವರ ಮನೆಯ ದಿನಸಿಯಿಂದಲೇ ಹೋಗುತ್ತದೆ. ಖಾಸಗಿ ಶಾಲೆಗಳಲ್ಲಿ, ನಮ್ಮ ಧರ್ಮಸಭೆಯ ಶಾಲೆಗಳಲ್ಲೂ, ಶುಲ್ಕ ಪಡೆದ ಆಡಳಿತ ಮಂಡಳಿಯೇ ಸಾಮಗ್ರಿ ಒದಗಿಸಬೇಕು. ಶಿಕ್ಷಕರ ತ್ಯಾಗವನ್ನು ಹೊಗಳಿ ಸುಮ್ಮನಾಗುವುದು ಸಲ್ಲದು.

ಹಾಗಾದರೆ ಏನು ಕೊಡೋಣ?

1. ಮಗು ತಾನೇ ಬರೆದ ನಾಲ್ಕು ಸಾಲು. ಯಾವ ಪಾಠ ಹಿಡಿಸಿತು, ಏಕೆ ಎಂದು ಬರೆಯಲಿ. ಜೊತೆಗೆ ಒಂದು ಮೊಳ ಹಡಗಲಿ ಮಲ್ಲಿಗೆ ಸಾಕು.

2. ಒಬ್ಬೊಬ್ಬರೂ ಪೆನ್ನು, ಗಡಿಯಾರ, ಶಾಲು ಕೊಡುವ ಬದಲು ತರಗತಿಯ ಪೋಷಕರೆಲ್ಲ ಸೇರಿ ಒಂದೇ ಉಪಯುಕ್ತ ಕಾಣಿಕೆ ಕೊಡಬಹುದು: ಒಳ್ಳೆಯ ಕನ್ನಡ ನಿಘಂಟು, ಛತ್ರಿ, ಊಟದ ಡಬ್ಬಿ. ಯಾರು ಎಷ್ಟು ಕೊಟ್ಟರೆಂದು ಬರೆದಿಡಬೇಡಿ. ಕೊಡದವರ ಮಗುವಿನ ಹೆಸರೂ ಅದರಲ್ಲಿರಲಿ.

3. ಬೆಲೆಬಾಳುವ ವಸ್ತು, ಹಣದ ಲಕೋಟೆ ಬೇಡ. ಸರ್ಕಾರಿ ಶಿಕ್ಷಕರಿಗೆ ನಡತೆ ನಿಯಮಗಳ ಕಟ್ಟುಪಾಡಿದೆ. ನಮ್ಮ ಉಡುಗೊರೆ ಅವರಿಗೆ ತೊಂದರೆಯಾಗಬಾರದು, ಅಂಕಕ್ಕೆ ಲಂಚವಾಗಲೂಬಾರದು.

4. ಕೈಕೆಲಸವೂ ಕಾಣಿಕೆಯೇ. ಬಡಗಿ ಬೆಂಚು ರಿಪೇರಿ ಮಾಡಲಿ, ಪೇಂಟರ್ ಕರಿಹಲಗೆಗೆ ಬಣ್ಣ ಹಚ್ಚಲಿ, ದರ್ಜಿ ಡಸ್ಟರ್ ಹೊಲಿದುಕೊಡಲಿ.

5. ಎಲ್ಲಕ್ಕಿಂತ ದೊಡ್ಡ ಕಾಣಿಕೆ ಎಸ್‌ಡಿಎಂಸಿ ಸಭೆಗೆ ಹೋಗುವುದು. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ, ಅರ್ಧದಷ್ಟು ಮಹಿಳೆಯರು. ಅನುದಾನ ಎಷ್ಟು ಬಂತು, ಯಾವಾಗ ಬಂತು, ಯಾವುದಕ್ಕೆ ಹೋಯಿತು ಎಂದು ವಿನಯದಿಂದ ಕೇಳಿ. ಬಾರದಿದ್ದರೆ ಶಿಕ್ಷಕರೊಡನೆ ನಿಂತು ಬಿಇಒ ಕಚೇರಿಗೆ ಮನವಿ ಕೊಡಿ.

ಕಲಿಯುವವನು ಕಲಿಸಿದವನೊಡನೆ ತನ್ನ ಒಳ್ಳೆಯದನ್ನು ಹಂಚಿಕೊಳ್ಳಲಿ ಎಂದು ಸಂತ ಪೌಲರು ಗಲಾತ್ಯದವರಿಗೆ ಬರೆದರು. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನದ ಹೆಸರಿನಲ್ಲಿ ಕೊಡಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ಎರಡೂ ಮಾತುಗಳನ್ನು ಜೊತೆಯಾಗಿ ಹಿಡಿಯೋಣ. ಸೀಮೆಸುಣ್ಣಕ್ಕಾಗಿ ಹಕ್ಕಿನಿಂದ ಕೇಳೋಣ, ಮಲ್ಲಿಗೆಯನ್ನು ಪ್ರೀತಿಯಿಂದ ಕೊಡೋಣ. ಮಾತೆ ಮರಿಯಮ್ಮನವರ ಹಬ್ಬ ನಮ್ಮ ಮಕ್ಕಳಿಗೂ ಅವರ ಗುರುಗಳಿಗೂ ಶುಭ ತರಲಿ.